ಮುಂದಿನ ಚಿಪ್‌ನಲ್ಲಿ ಬರುತ್ತೆ, ತಡೀರಿ

ಮೊಬೈಲ್ ಅಂಗಡಿಯ ಕೆಲಸವೆಂದರೆ ಮೊಬೈಲ್ ಮಾರುವುದು ಎಂದು ನೀವು ತಿಳಿದಿದ್ದರೆ ಈಗಲೇ ಆ ಭ್ರಮೆ ಬಿಡಿ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹತ್ತಿರ ಒಂದೇ ಅಂಗಡಿಯ ಒಂದೇ ಕೌಂಟರಿನ ಹಿಂದೆ ನಿಂತು ನಾನು ಸವೆಸಿದ ವರ್ಷಗಳಲ್ಲಿ ಮಾರಿದ್ದು ಕಡಿಮೆ, ಇನ್ನೂ ಹುಟ್ಟದೇ ಇರುವ ಮಾಲಿನ ಬಗ್ಗೆ ಮಾತಾಡಿದ್ದೇ ಹೆಚ್ಚು. ಗಿರಾಕಿ ಬರುತ್ತಾನೆ, ಗಾಜಿನ ಮೇಲೆ ಮೊಣಕೈ ಊರುತ್ತಾನೆ, ಒಳಗಿರುವ ಫೋನುಗಳನ್ನೆಲ್ಲ ಒಂದು ಸುತ್ತು ನೋಡುತ್ತಾನೆ. ಆಮೇಲೆ ಕೇಳುತ್ತಾನೆ: "ಇದ್ರ ಮುಂದಿಂದು ಯಾವಾಗ ಬತ್ತದೆ ಸಾ? ಅದ್ರಲ್ಲಿ ಏನೇನಿರ್ತದೆ?"

ಹೀಗೆ ಕೇಳುವವರಿಗೆಲ್ಲ ಉತ್ತರ ಕೊಟ್ಟೂ ಕೊಟ್ಟೂ ನನಗೆ ಫೋನ್ ಜೋಯಿಸ ಎಂಬ ಹೆಸರು ಬಿತ್ತು. ನಿಜವಾದ ಹೆಸರು ಪುಟ್ಟಸ್ವಾಮಿ. ಈಗ ಈ ಕೆಲಸಕ್ಕೆ ಸೇರುತ್ತಿರುವವರಿಗೆ ಉಪಯೋಗವಾಗಲಿ ಎಂದು ಇಷ್ಟು ಬರೆಯುತ್ತಿದ್ದೇನೆ. ನಾನು ಯಾವಾಗ ಸೀನಿಯರ್ ಆದೆ, ಯಾವಾಗ ಕುರ್ಚಿ ಸಿಕ್ಕಿತು ಎಂಬುದೆಲ್ಲ ಇದರಲ್ಲಿಲ್ಲ. ಕುರ್ಚಿ ಸಿಗುವ ಹೊತ್ತಿಗೆ ನನಗೆ ಮಂಡಿನೋವು ಬಂದಾಗಿತ್ತು.

ನಾನು ಸೇರಿದ್ದು ಗಡಿಯಾರ ರಿಪೇರಿಯವನಾಗಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಚಿಮಟದಲ್ಲಿ ಹಲ್ಲುಚಕ್ರ ಎತ್ತಿಡುತ್ತಿದ್ದ ಕಾಲ ಅದು. ಆಗ ಮುಂದಿನ ವಾಚಿನಲ್ಲಿ ಏನಿರುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ಟೈಮ್ ಇರುತ್ತದೆ, ಇನ್ನೇನಿರುತ್ತದೆ? ಆಮೇಲೆ ಫೋನು ಬಂತು, ಗಡಿಯಾರದ ಕಪಾಟು ಒಳಕ್ಕೆ ಹೋಯಿತು, ಜೊತೆಗೆ ನಾನೂ ಹೋಗಬೇಕಿತ್ತು. ನಮ್ಮ ಯಜಮಾನರು ಗುರುಮಲ್ಲಪ್ಪನವರು ನನ್ನನ್ನು ಉಳಿಸಿಕೊಂಡರು. "ನಿಂಗೆ ಬಾಯಿ ಅದೆ, ಮುಂದೆ ನಿಂತ್ಕೊ" ಎಂದರು. ಅದರ ಜೊತೆಗೆ ಒಂದೇ ಒಂದು ಕಟ್ಟಪ್ಪಣೆ: "ಗಿರಾಕಿಗೆ ಏನ್ ಬೇಕಾರೂ ಏಳು. ತಡೀರಿ ಅಂತ ಮಾತ್ರ ಅನ್ಬೇಡ. ತಡೀರಿ ಅಂದ್ಯೋ, ಅವನು ಎದುರುಗಡೆ ಅಂಗಡೀಲಿ ತಡಿಯಾಕೆ ಓಯ್ತಾನೆ."

ಯಜಮಾನರ ಮಾತು ನೂರಕ್ಕೆ ನೂರು ಸರಿ. ಆದರೆ ನಾಳೆ ಬರುವುದರ ಬಗ್ಗೆ ಮಾತೆತ್ತಿದರೆ ನನ್ನ ನಾಲಿಗೆಗೆ ಬ್ರೇಕೇ ಇರಲಿಲ್ಲ.

ಒಮ್ಮೆ ಕಂಪನಿಯವರು ಮೈಸೂರಿನ ಹೋಟೆಲಿನಲ್ಲಿ ಟ್ರೈನಿಂಗ್ ಕೊಟ್ಟರು. ಊಟ ಚೆನ್ನಾಗಿತ್ತು. ಊಟಕ್ಕೆ ಮುಂಚೆ ಟೈ ಕಟ್ಟಿದ ಒಬ್ಬರು ನ್ಯಾನೊಮೀಟರ್ ಎಂಬುದನ್ನು ಹೇಳಿಕೊಟ್ಟರು. ನನಗೆ ತಿಳಿದದ್ದು ಇಷ್ಟೇ: ನಂಬರು ಸಣ್ಣದಾದಷ್ಟೂ ಚಿಪ್ ಒಳ್ಳೆಯದು. ಇದನ್ನು ಊರಿಗೆ ತಂದು ಮೊದಲು ಹೇಳಿದ್ದು ರೇಷ್ಮೆ ನೂಲು ಬಿಚ್ಚುವ ನಂಜುಂಡಣ್ಣನಿಗೆ. ಬಿಸಿನೀರಿನಲ್ಲಿ ಗೂಡು ಆಡಿಸಿ ಆಡಿಸಿ ಅವನ ಬೆರಳ ತುದಿಯ ಗೆರೆಯೆಲ್ಲ ಅಳಿಸಿಹೋಗಿ, ಯಾವ ಫೋನೂ ಅವನ ಬೆರಳಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಹಾಗಾಗಿ ಅವನು ನಮ್ಮ ಅಂಗಡಿಗೆ ಮೇಲಿಂದ ಮೇಲೆ ಬರುತ್ತಿದ್ದ.

"ಚಿಪ್ಪಿನೊಳಗೆ ಗೆರೆ ಸಣ್ಣ ಆಗುತ್ತೆ. ಅಷ್ಟೇ ಜಾಗದಲ್ಲಿ ಜಾಸ್ತಿ ಗೆರೆ ಹಿಡಿಸುತ್ತೆ" ಎಂದೆ.

"ನೂಲು ಸಣ್ಣ ತಗ್ದಂಗೆ ಅನ್ನಿ."

"ಹಾಗೇ ಅಂದ್ಕೊ."

"ನೂಲು ಸಣ್ಣ ಆದ್ರೆ ಕಿತ್ಕತದೆ ಸಾ. ಬಿಸಿ ಒಂಚೂರು ಎಚ್ಚುಕಮ್ಮಿ ಆದ್ರೂ ಕೆಟ್ಟೋಯ್ತದೆ. ಟೈ ಕಟ್ಕಂಡಿದ್ದೋರು ಬಿಸಿ ಇಚಾರ ಏನಾರಾ ಏಳುದ್ರಾ?"

ಟೈನವರು ಬಿಸಿಯ ವಿಚಾರ ಎತ್ತಿರಲೇ ಇಲ್ಲ. ಆ ಬೇಸಿಗೆಯಲ್ಲಿ ಬಂದ ಒಂದು ಮಾಡೆಲ್ ಜೇಬಿನಲ್ಲಿಟ್ಟರೆ ಬಾಣಲೆಯಿಂದ ಈಗತಾನೇ ತೆಗೆದ ಬೋಂಡಾದಂತೆ ಸುಡತೊಡಗಿತು. ಅಷ್ಟರಲ್ಲಿ ನಾನು ಬಂದವರಿಗೆಲ್ಲ "ಮುಂದಿನ ಚಿಪ್‌ನಲ್ಲಿ ನೋಡ್ತಿರಿ, ಬಿಸೀದೇ ತಲೆನೋವು" ಎಂದು ಹೇಳಿಬಿಟ್ಟಿದ್ದೆ. ಫೋನ್ ಜೋಯಿಸನ ಮಾತು ನಿಜವಾಯಿತು ಎಂದು ಊರೆಲ್ಲ ಸುದ್ದಿ. ಆ ಮಾತು ನಂಜುಂಡಣ್ಣನದು ಎಂದು ನಾನು ಯಾರಿಗೂ ಹೇಳಲಿಲ್ಲ. ಇವತ್ತು ಹೇಳುತ್ತಿದ್ದೇನೆ, ಮನ್ನಿಸಬೇಕು.

ಎಲ್ಲ ಭವಿಷ್ಯಕ್ಕೂ ಮರ್ಯಾದೆ ಸಿಗುತ್ತಿರಲಿಲ್ಲ. ಶಾಗ್ಯದಿಂದ ಬಂದ ರೈತರೊಬ್ಬರಿಗೆ, ಇನ್ನು ಸ್ವಲ್ಪ ದಿನದಲ್ಲಿ ಎದುರಿನವರು ತಮಿಳಿನಲ್ಲಿ ಮಾತಾಡಿದರೆ ಫೋನೇ ಅದನ್ನು ಕನ್ನಡ ಮಾಡಿ ನಿಮ್ಮ ಕಿವಿಗೆ ಹೇಳುತ್ತದೆ ಎಂದು ಕೈ ಬೀಸಿ ವರ್ಣಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ತಮಿಳು ನಂಗೇ ಬತ್ತದಲ್ಲ ಸಾ. ನಮ್ ಬಾಮೈದ ಕನ್ನಡದಲ್ಲೇ ಮಾತಾಡ್ತನೆ, ಅವ ಏಳದು ಒಂದೂ ಅರ್ಥ ಆಗದಿಲ್ಲ. ಅದ್ಕೇನಾರಾ ಬತ್ತದಾ?" ಎಂದರು. ಅದಕ್ಕೆ ಯಾವ ಚಿಪ್ಪೂ ಸಾಲದು ಎಂದು ಒಪ್ಪಿಕೊಂಡೆ. ಟೀ ತರಿಸಿದೆ, ಕುಡಿದು ಹೋದರು.

ಮುಖ ನೋಡಿ ತೆರೆಯುವ ಫೋನು ಬಂದ ಹೊಸದರಲ್ಲಿ ಹನೂರಿನ ಮಾದೇವ ಎಂಬುವನು ಕೆಂಡಾಮಂಡಲವಾಗಿ ಬಂದ. ತಲೆ ನುಣ್ಣಗೆ, ಮೀಸೆಯೂ ಇಲ್ಲ. ಫೋನನ್ನು ಗಾಜಿನ ಮೇಲೆ ಕುಕ್ಕಿದ. ವಾರದ ಹಿಂದೆ ನನ್ನ ಕೈಯಿಂದಲೇ ಕೊಂಡಿದ್ದು. ಮಾದಪ್ಪನ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬಂದಿದ್ದಾನೆ, ಫೋನು ಇವನು ಯಾರೋ ಎಂದು ಬಾಗಿಲು ಹಾಕಿಕೊಂಡಿದೆ. ಪಿನ್ ನಂಬರು ಮರೆತಿದ್ದಾನೆ.

"ನೀನು ಗುರುತೇ ಸಿಗದ ಹಾಗೆ ಆಗಿದ್ದೀಯಲ್ಲೋ" ಎಂದೆ.

"ನಮ್ಮೆಂಡ್ತಿ ಬಾಗ್ಲು ತಗ್ದು ಯಾರು ಬೇಕಿತ್ತು ಅಂದ್ಳು. ಅವ್ಳಿಗಾದ್ರೂ ಮಾತಾಡಿ ಏಳ್ದೆ, ಇದುಕ್ಕೇನ್ ಏಳನ ಸಾ? ಮೀಸೆ ಬೆಳಿಯಗಂಟ ಕಾಯ್ಬೇಕಾ?"

ಪಕ್ಕದ ಫ್ಯಾನ್ಸಿ ಸ್ಟೋರಿನಿಂದ ಹುಬ್ಬು ತಿದ್ದುವ ಪೆನ್ಸಿಲ್ ತಂದು, ಅವನ ಹಳೆಯ ಫೋಟೊ ನೋಡಿಕೊಂಡು ಮೀಸೆ ಬರೆದೆ. ತಲೆಗೆ ಯಜಮಾನರ ಕಪ್ಪು ಉಣ್ಣೆ ಟೋಪಿ ಹಾಕಿದೆ. ಫೋನು ತೆರೆಯಿತು. ಅವನು ಖುಷಿಯಲ್ಲಿ ಮೀಸೆ ಅಳಿಸುವುದನ್ನು ಮರೆತು ಹಾಗೇ ಬಸ್ಸು ಹತ್ತಿದ. ಅವತ್ತಿನಿಂದ ನಮ್ಮ ಅಂಗಡಿಯಲ್ಲಿ ಹೊಸ ಪದ್ಧತಿ ಬಂತು: ಫೋನಿಗೆ ಮುಖ ತೋರಿಸುವ ಮೊದಲು ಗಿರಾಕಿಯನ್ನು "ಬೆಟ್ಟಕ್ಕೆ ಮುಡಿ ಹರಕೆ ಏನಾದ್ರೂ ಉಂಟಾ?" ಎಂದು ಕೇಳಲೇಬೇಕು. ಉಂಟು ಎಂದರೆ ಕೊಟ್ಟು ಬನ್ನಿ, ಆಮೇಲೆ ಮುಖ ಹಾಕೋಣ ಎನ್ನುತ್ತಿದ್ದೆವು. ಈ ಪ್ರಶ್ನೆ ಕಂಡುಹಿಡಿದವನು ನಾನೇ ಎಂದು ಬಹಳ ದಿನ ಬೀಗುತ್ತಿದ್ದೆ. ಆ ಜಂಬ ಎಲ್ಲಿಗೆ ತಂದಿತು ಎಂಬುದೇ ಮುಂದಿನ ಕತೆ.

ಯಳಂದೂರಿನಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುವ ಮಹೇಶ ಒಂದು ದಿನ ತನ್ನ ತಾಯಿಯನ್ನು ಕರೆದುಕೊಂಡು ಅಂಗಡಿಗೆ ಬಂದ. ಹೊನ್ನೂರಿನವರು. ತಾಯಿಯ ಹೆಸರು ದೇವಮ್ಮ, ಎಪ್ಪತ್ತು ದಾಟಿತ್ತು. ಬಂದವರೇ ಕುರ್ಚಿ ಎಳೆದುಕೊಂಡು ಕೂತು ಎಲೆಯಡಿಕೆ ಚೀಲ ಬಿಚ್ಚಿದರು. ಮಗ ನಿಂತೇ ಮಾತಾಡಿದ.

"ಅವ್ವ ಇತ್ಲಲ್ಲಿ ತಲೆ ಸುತ್ತಿ ಬಿದ್ದಿತ್ತು ಸಾ. ಅರ್ಧ ಗಂಟೆ ಯಾರ್ಗೂ ಗೊತ್ತಾಗ್ನಿಲ್ಲ. ಈಗ ಬೆಟ್ಟಕ್ಕೋಗಿ ಉರುಳು ಸೇವೆ ಮಾಡ್ತೀನಿ ಅಂತ ಅಟ ಇಡ್ದದೆ. ನಾನು ಕಳ್ಸದಿಲ್ಲ ಅಂತೀನಿ. ಬಿದ್ರೆ ಫೋನ್ ಮಾಡೋ ವಾಚು ಅದೆ ಅಂತಲ್ಲ, ಅದ್ನ ಕಟ್ಕಂಡ್ರೆ ಕಳುಸ್ತೀನಿ."

"ಅಳೇ ಅರಕೆ ಕಣಪ್ಪ" ಎಂದರು ದೇವಮ್ಮ. "ತೀರುಸ್ದೆ ಓದ್ರೆ ಅಲ್ಲಿ ಮಾದಪ್ಪುಂಗೆ ಏನಂತ ಮೊಕ ತೋರ್ಸನ?"

ಅಂಥ ವಾಚು ನಮ್ಮಲ್ಲಿ ಇತ್ತು. ಎತ್ತಿ ಕೊಟ್ಟಿದ್ದರೆ ಮುಗಿದಿತ್ತು. ಆದರೆ ನನ್ನೊಳಗಿನ ಜೋಯಿಸ ಸುಮ್ಮನಿರಬೇಕಲ್ಲ! "ಇದರಲ್ಲಿ ಬಿದ್ದ ಮೇಲೆ ಗೊತ್ತಾಗುತ್ತೆ ಮಹೇಶ. ಮುಂದಿನ ಚಿಪ್‌ನಲ್ಲಿ ಬೀಳೋಕೆ ಮುಂಚೇನೇ ಗೊತ್ತಾಗುತ್ತೆ. ಎದೆಬಡಿತ ನೋಡಿ, ನಡಿಗೆ ನೋಡಿ, 'ಅಮ್ಮಾ ಕೂತ್ಕೊಳ್ಳಿ' ಅಂತ ಹೇಳುತ್ತೆ. ತಡೀರಿ" ಎಂದುಬಿಟ್ಟೆ. ಕ್ಯಾಶಿನ ಹಿಂದಿನಿಂದ ಯಜಮಾನರು ನನ್ನನ್ನು ನೋಡಿದ ನೋಟ ಈಗಲೂ ಬೆನ್ನಿಗೆ ಚುಚ್ಚುತ್ತದೆ.

ತಾಯಿ ಮಗ ತಡೆದರು. ಮುಂದಿನ ವಾಚು ಬಂತು, ಅದರಲ್ಲಿ ನಾನು ಹೇಳಿದ್ದು ಇರಲಿಲ್ಲ. ನಿದ್ದೆ ಎಷ್ಟು ಮಾಡಿದಿರಿ ಎಂದು ಲೆಕ್ಕ ಹೇಳುತ್ತಿತ್ತು ಅಷ್ಟೇ. ಇದರ ಮುಂದಿನದರಲ್ಲಿ ಗ್ಯಾರಂಟಿ ಎಂದೆ. ಅದೂ ಬಂತು. ಹೊಸ ಬಣ್ಣದ ಪಟ್ಟಿ ಬಂದಿತ್ತು. ಹೀಗೆ ಎರಡು ಶಿವರಾತ್ರಿ ಕಳೆದವು. ಮೂರನೆಯ ಸಲ ದೇವಮ್ಮ ಒಬ್ಬರೇ ಹೊನ್ನೂರಿನಿಂದ ಆಟೊ, ಬಸ್ಸು ಹಿಡಿದು ಬಂದರು. ಕೂರಲಿಲ್ಲ, ಎಲೆಯಡಿಕೆ ಚೀಲವನ್ನೂ ಬಿಚ್ಚಲಿಲ್ಲ.

"ನಿನ್ ಚಿಪ್ಪು ಬರಗಂಟ ನಾನಿರ್ತೀನಿ ಅಂತ ನಿಂಗೆ ಯಾರ್ಲಾ ಏಳುದ್ರು?" ಎಂದರು.

ನನಗೆ ನಿಜವಾಗಿಯೂ ನಾಚಿಕೆಯಾಯಿತು. ಬಾಯಿ ಚಪಲಕ್ಕೆ ಒಂದು ಮುದಿ ಜೀವದ ಎರಡು ವರ್ಷ ತಿಂದಿದ್ದೆ. ಅವತ್ತೇ ಇದ್ದ ವಾಚನ್ನು ಅವರ ಕೈಗೆ ಕಟ್ಟಿದೆ. ಬಿದ್ದರೆ ಮೊದಲು ಗುರ್ ಎಂದು ನಡುಗುತ್ತದೆ, ಒಂದು ನಿಮಿಷ ಅಲುಗಾಡದೆ ಇದ್ದರೆ ಮಗನಿಗೆ ತಾನೇ ಫೋನ್ ಮಾಡುತ್ತದೆ. ಮಹೇಶನ ನಂಬರು ಹಾಕಿದೆ. ಮುದುಕಿ ಮೆಲ್ಲಗೆ ಬಿದ್ದರೂ ತಪ್ಪದಿರಲಿ ಎಂದು ಬೀಳುವುದನ್ನು ಕಂಡುಹಿಡಿಯುವ ಸೆಟ್ಟಿಂಗನ್ನು ತುದಿ ಮುಟ್ಟುವವರೆಗೂ ಏರಿಸಿದೆ. ಪದ್ಧತಿ ಪ್ರಕಾರ "ಮುಡಿ ಕೊಡ್ತೀರಾ ಅವ್ವ?" ಎಂದು ಕೇಳಿದೆ. "ಮುಡಿ ಇಲ್ಲ ಕಣಪ್ಪ, ಉಳ್ಳೋ ಸೇವೆ ಒಂದೇ" ಎಂದರು. "ಹಾಗಾದ್ರೆ ಏನೂ ತೊಂದರೆ ಇಲ್ಲ" ಎಂದೆ. ಹೌದು, ಹಾಗೇ ಎಂದೆ. ಇದನ್ನು ಓದುತ್ತಿರುವ ನಿಮಗೆ ಹೊಳೆದದ್ದು ಅವತ್ತು ಜೋಯಿಸನಿಗೆ ಹೊಳೆಯಲಿಲ್ಲ.

ಬೆಟ್ಟಕ್ಕೆ ಹೋಗುವ ಹೊತ್ತಿಗೆ ಮಹೇಶನಿಗೆ ಕಾಯಿ ಲೋಡು ಕಳಿಸುವುದಿತ್ತು. "ನಿಂದೇ ವಾಚು, ನೀನೇ ಬಾ" ಎಂದು ದೇವಮ್ಮ ನನ್ನನ್ನು ಹೊರಡಿಸಿದರು. ಬೆಳಿಗ್ಗೆ ಬೆಟ್ಟದಲ್ಲಿ ಸ್ನಾನ ಮಾಡಿ ಒದ್ದೆ ಸೀರೆಯಲ್ಲೇ ದೇವಸ್ಥಾನದ ಮುಂದೆ ನಿಂತರು. ವಾಚಿಗೆ ಜೋಡಿಸಿದ್ದ ಅವರ ಫೋನು ನನ್ನ ಹೆಗಲ ಚೀಲದಲ್ಲಿ. ನನ್ನ ಫೋನು ಲಾಡ್ಜಿನಲ್ಲಿ ಚಾರ್ಜಿಗೆ. ಮೂರು ಸುತ್ತಿನ ಹರಕೆ. ಕೈಮುಗಿದು ನೆಲಕ್ಕೆ ಮಲಗಿ ಉರುಳತೊಡಗಿದರು. ಅವರ ಹಿಂದೆ ಮುಂದೆ ಇನ್ನೂ ಹದಿನೈದಿಪ್ಪತ್ತು ಜನ ಉರುಳುತ್ತಿದ್ದರು.

ವಯಸ್ಸಾದ ಮೈ. ನಾಲ್ಕು ಉರುಳು ಉರುಳುವುದು, ಆಮೇಲೆ ಬೋರಲಾಗಿ ಅಲ್ಲೇ ಮಲಗಿ ಉಸಿರು ಹಿಡಿಯುವುದು, ಮಾದಪ್ಪನನ್ನು ಕರೆಯುವುದು. ಉರುಳುವಾಗ ಕೈ ಕಲ್ಲಿಗೆ ಬಡಿಯುತ್ತದೆ. ವಾಚಿನ ಲೆಕ್ಕದಲ್ಲಿ ಮುದುಕಿ ಬಿದ್ದಳು. ಆಮೇಲೆ ಒಂದು ನಿಮಿಷ ಅಲುಗಾಡಲಿಲ್ಲ, ಅಂದರೆ ಎಚ್ಚರ ತಪ್ಪಿದಳು. ಅದು ಮಗನಿಗೆ ಫೋನ್ ಮಾಡಿತು. ಯಳಂದೂರಿನಲ್ಲಿ ಕಾಯಿ ಎಣಿಸುತ್ತಿದ್ದ ಮಹೇಶ ಫೋನ್ ಎತ್ತಿದರೆ ಕೇಳಿಸಿದ್ದು ತಾಯಿಯ ಏದುಸಿರು, ಅದರ ಹಿಂದೆ, "ಅಯ್ಯೋ ಮಾದಪ್ಪಾ... ಆಗದಿಲ್ಲ ಕಣಪ್ಪಾ... ನೀನೇ ಎತ್ಕೊ ನನ್ ತಂದೇ..."

ಅವನು ನನಗೆ ಫೋನ್ ಮಾಡಿದ. ಲಾಡ್ಜಿನ ಗೋಡೆಗೆ ಅದು ಕೇಳಿಸಿರಬೇಕು. ವಾಚು ಮತ್ತೆ ಅವನಿಗೆ ಮಾಡಿತು. ಹೀಗೆ ಒಂಬತ್ತು ಸಲ ಅವನ ತಾಯಿ ಬಿದ್ದಳು. ನಗಾರಿ, ಗಂಟೆ, ಉಘೇ ಮಾದಪ್ಪ ಎಂಬ ಕೂಗಿನ ನಡುವೆ ನನಗೆ ಏನೂ ಗೊತ್ತಾಗಲಿಲ್ಲ. ಅವರ ಪಕ್ಕದಲ್ಲೇ ನಡೆಯುತ್ತಾ, ನನ್ನ ವಾಚು ಎಷ್ಟು ಚೆನ್ನಾಗಿ ಸುಮ್ಮನೆ ಕೂತಿದೆ ಎಂದು ಮನಸ್ಸಿನಲ್ಲೇ ಮೆಚ್ಚಿಕೊಳ್ಳುತ್ತಿದ್ದೆ.

ಮೂರನೆಯ ಸುತ್ತು ಅರ್ಧ ಆಗಿತ್ತು. ಸ್ಟ್ರೆಚರ್ ಹಿಡಿದುಕೊಂಡು ಆಂಬುಲೆನ್ಸ್‌ನವರು ಇಬ್ಬರು ಓಡಿಬಂದರು. ಮಹೇಶ ದಾರಿಯಿಂದಲೇ ಫೋನ್ ಮಾಡಿ ಕಳಿಸಿದ್ದ. ಅವರಲ್ಲಿ ದೊಡ್ಡವನು ಜನರ ನಡುವೆ ನುಗ್ಗಿ, "ಬಿದ್ದಿರೋರು ಯಾರು? ಬಿದ್ದಿರೋರು ಯಾರು?" ಎಂದು ಕೂಗಿದ. ಕೂಗಿದವನು ಸುತ್ತ ನೋಡಿ ಹಾಗೇ ನಿಂತುಬಿಟ್ಟ. ಕಣ್ಣು ಹಾಯಿಸಿದ ಕಡೆಯೆಲ್ಲ ಜನ ನೆಲದ ಮೇಲೇ ಇದ್ದರು. ಅವನು ಪಾಪ ಒಬ್ಬ ದಪ್ಪನೆಯ ಮನುಷ್ಯನ ಹತ್ತಿರ ಬಗ್ಗಿ ವಿಚಾರಿಸಿದ, ಆತ ಉರುಳಿಕೊಂಡೇ ಮುಂದಕ್ಕೆ ಹೋದ.

"ಹೊನ್ನೂರು ದೇವಮ್ಮ!" ಎಂದು ಇನ್ನೊಬ್ಬ ಕೂಗಿದ. ಆಗ ನನಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು.

ಅವರು ಸ್ಟ್ರೆಚರ್ ಕೆಳಗಿಟ್ಟು ದೇವಮ್ಮನ ತೋಳಿಗೆ ಕೈ ಹಾಕಿದರು. ಮುದುಕಿ ನೆಲದ ಮೇಲಿಂದಲೇ ಗುಡುಗಿದರು: "ಮುಟ್ಬೇಡ್ರಿ! ಎತ್ತುದ್ರೆ ಅರಕೆ ಕೆಟ್ಟೋಯ್ತದೆ. ಇನ್ನರ್ಧ ಸುತ್ತು ಅದೆ!" ಆಮೇಲೆ ನನ್ನ ಕಡೆ ಕಣ್ಣು ತಿರುಗಿಸಿದರು. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಭಯ ಇತ್ತು. ಅಷ್ಟು ವರ್ಷ ಕಾದದ್ದು ಅರ್ಧ ಸುತ್ತಿನಲ್ಲಿ ಕೈತಪ್ಪುತ್ತದಲ್ಲ ಎಂಬ ಭಯ.

ನಾನು ಅಡ್ಡ ನಿಂತೆ. "ಎತ್ತಬೇಡಿ. ಮಲಗಿದ್ದ ಹಾಗೇ ನಾಡಿ ನೋಡಿ. ತಪ್ಪು ನಂದು, ಅವ್ವಂದಲ್ಲ" ಎಂದೆ. ದೊಡ್ಡವನು ಒಂದು ಗಳಿಗೆ ನನ್ನನ್ನು ದುರುಗುಟ್ಟಿ ನೋಡಿದ. ಆಮೇಲೆ ಅಲ್ಲೇ ಕುಕ್ಕರಗಾಲಲ್ಲಿ ಕೂತು ವಾಚಿಲ್ಲದ ಕೈ ಹಿಡಿದ. ಇನ್ನೊಂದು ಕೈಯಲ್ಲಿ ವಾಚು ಗುರ್ ಎನ್ನುತ್ತಲೇ ಇತ್ತು. ಕೊನೆಗೆ ಅವನು, "ನಿಮ್ ವಾಚ್ಗಿಂತ ಅಜ್ಜಿ ಗಟ್ಟಿಯಾಗವ್ರೆ. ಉರುಳ್ಲಿ ಬುಡಿ, ನಾವೂ ಜೊತೇಲೇ ಬತ್ತೀವಿ" ಎಂದ. ನಾನು ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಖಾಲಿ ಸ್ಟ್ರೆಚರ್ ಹಿಡಿದು ಇಬ್ಬರು, ವಾಚು ಅದುಮಿಕೊಂಡು ಒಬ್ಬ, ಹೀಗೆ ನಮ್ಮ ಮೆರವಣಿಗೆ ಅರ್ಧ ಸುತ್ತು ಹೋಯಿತು. ದೇವಮ್ಮ ಹರಕೆ ಮುಗಿಸಿ ತಾವೇ ಎದ್ದು ಕೂತರು.

ಮಹೇಶ ಬಂದಾಗ ಅವರು ಬೇರೆ ಸೀರೆ ಉಟ್ಟು ಕಂಬಕ್ಕೊರಗಿ ಲಾಡು ತಿನ್ನುತ್ತಿದ್ದರು. ಅವನ ಒಂದು ಕಾಲಿನಲ್ಲಿ ಚಪ್ಪಲಿ, ಇನ್ನೊಂದು ಕಾಲಿನಲ್ಲಿ ಶೂ. ತಾಯಿಯನ್ನು ನೋಡಿದ, ನನ್ನನ್ನು ನೋಡಿದ, ಬಾಯಿಗೆ ಬಂದ ಹಾಗೆ ನನ್ನನ್ನು ಬೈದ. ನಾನು ಬೈಸಿಕೊಂಡೆ, ನ್ಯಾಯವಾಗಿಯೇ ಇತ್ತು. ಬೈದು ಮುಗಿಸಿ ನೆಲಕ್ಕೆ ಕೂತವನು ಮಕ್ಕಳ ಹಾಗೆ ಅತ್ತುಬಿಟ್ಟ.

"ಒಂಬತ್ತು ಸಲ ಬಿದ್ದೆ ಅಂತಲ್ಲವ್ವ ಅದು..."

"ನಾನೆಲ್ಲಿ ಬಿದ್ನೋ?" ಎಂದರು ದೇವಮ್ಮ. "ತೆಂಗಿನ್ಮರದಿಂದ ಬಿದ್ದೋನು ನೀನು ಕಣ್ಲಾ, ಅದ್ನೆಂಟು ವರ್ಸದೋನಿದ್ದಾಗ. ಮೂರ್ ದಿನ ಕಣ್ ಬುಡ್ನಿಲ್ಲ. ಆಗ ಕಟ್ಕಂಡ ಅರಕೆ ಇದು. ನೀನು ಬಿದ್ದೋನು, ನಾನು ಉಳ್ಳೋಳು."

ಹರಕೆ ತನಗಾಗಿ ಎಂದು ಮಹೇಶನಿಗೆ ಗೊತ್ತಿರಲಿಲ್ಲ. ಅವನು ತಾಯಿಯ ಕಾಲು ಹಿಡಿದುಕೊಂಡು ಕೂತುಬಿಟ್ಟ. ಮುದುಕಿ ಅವನ ಬಾಯಿಗೆ ಒಂದು ಚೂರು ಲಾಡು ತುರುಕಿ ನನ್ನ ಕಡೆ ತಿರುಗಿದರು. "ನೋಡಪ್ಪ ಜೋಯ್ಸ, ನಿಮ್ಮ ಕಂಪ್ನಿಯೋರ್ಗೆ ಏಳು. ಬೀಳಕ್ಮುಂಚೆ ಗೊತ್ತಾಗದು ಗಿತ್ತಾಗದು ಎಲ್ಲ ಬ್ಯಾಡ. ಬಿದ್ದೋರು ಯಾರು, ಬೇಕಂತ ಉಳ್ಳೋರು ಯಾರು, ಅದೊಂದು ತಿಳಿಯಂಗೆ ಮಾಡ್ಲಿ. ಅದ್ನ ನೋಡ್ದೆ ನಾನು ಓಗದಿಲ್ಲ."

ಕಂಪನಿಯವರಿಗೆ ನಾನು ನಿಜವಾಗಿಯೂ ಬರೆದೆ. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಎಂಬ ಉತ್ತರ ಕ್ಷಣಮಾತ್ರದಲ್ಲಿ ಬಂತು. ಯಜಮಾನರು ವಾರಗಟ್ಟಲೆ ನನ್ನನ್ನು ಕಂಡಾಗಲೆಲ್ಲ "ಬಿದ್ದಿರೋರು ಯಾರು?" ಎಂದು ಕೂಗಿ ನಗುತ್ತಿದ್ದರು. ಅಂಗಡಿಯ ಪ್ರಶ್ನೆಗೆ ಇನ್ನೊಂದು ಸಾಲು ಸೇರಿತು: ಮುಡಿ ಉಂಟಾ, ಉರುಳು ಉಂಟಾ? ಕೆಲಸಕ್ಕೆ ಹೊಸಬರಾದ ನೀವು ನ್ಯಾನೊಮೀಟರ್ ಮರೆತರೂ ಚಿಂತೆಯಿಲ್ಲ, ಇದನ್ನು ಮರೆಯಬೇಡಿ. ಚಿಪ್ ಮಾಡುವವರಿಗೆ ಕೊಳ್ಳೇಗಾಲ ಗೊತ್ತಿಲ್ಲ. ನಿಮಗೆ ಗೊತ್ತಿರಬೇಕು.

ನಾನು ಕೆಲಸ ಬಿಟ್ಟು ಮೂರು ವರ್ಷವಾಯಿತು. ದೇವಮ್ಮ ಮಾತ್ರ ನನ್ನನ್ನು ಬಿಟ್ಟಿಲ್ಲ. ಹೊಸ ವಾಚು ಬಂತು ಎಂದು ಟಿವಿಯಲ್ಲಿ ತೋರಿಸಿದ ಮಾರನೆಯ ದಿನ ಹೊನ್ನೂರಿನಿಂದ ಫೋನ್ ಬರುತ್ತದೆ. "ನಾ ಏಳಿದ್ದು ಬಂತೇನ್ ಮಗಾ?" "ಇಲ್ಲ ಕಣವ್ವ." "ಅಂಗಾರೆ ಇನ್ನೊಂದ್ ವರ್ಸ ಇರ್ಬೇಕು ಬುಡು" ಎಂದು ನಕ್ಕು ಇಡುತ್ತಾರೆ. ಹೋದ ವರ್ಷ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಮಹೇಶನ ಕೈಯಲ್ಲಿ ಫೋನ್ ಮಾಡಿಸಿ ಇದನ್ನೇ ಕೇಳಿದರು. ಅಲ್ಲಿಂದ ಎದ್ದೂ ಬಂದರು.

ಮೊನ್ನೆ ಹಳೆಯ ಅಂಗಡಿಗೆ ಹೋಗಿದ್ದೆ. ನನ್ನ ಜಾಗದಲ್ಲಿ ಈಗ ಸುಮಾ ಎಂಬ ಚುರುಕಾದ ಹುಡುಗಿ ಇದ್ದಾಳೆ. ಹೊಸ ವಾಚು ಕೈಗೆ ಕೊಟ್ಟಳು. "ಸಾ, ಇದ್ರ ಚಿಪ್ಪು ಬಾರಿ ಬುದ್ವಂತ. ಬೇಕಂತ ಮಲಗುದ್ರೆ, ಉಳ್ಳುದ್ರೆ, ಕಸರತ್ತು ಮಾಡುದ್ರೆ ಬೇರೆ, ನಿಜ್ವಾಗ್ಲೂ ಬಿದ್ರೆ ಬೇರೆ ಅಂತ ತಾನೇ ಕಂಡಿಡೀತದೆ. ನಾನೇ ಗೋಡೌನ್‌ನಲ್ಲಿ ಉಳ್ಳಿ ನೋಡ್ದೆ, ಪಿಟ್ಟನ್ನಿಲ್ಲ." ನನಗೂ ನಂಬಿಕೆಯಾಗಲಿಲ್ಲ. ಮಂಡಿನೋವಿನಲ್ಲೇ ಗೋಡೌನಿಗೆ ಹೋಗಿ, ಹಳೆಯ ರಟ್ಟು ಹಾಸಿಕೊಂಡು, ವಾಚು ಕಟ್ಟಿ ನಾಲ್ಕು ಉರುಳು ಉರುಳಿದೆ. ಬೋರಲಾಗಿ ಒಂದು ನಿಮಿಷಕ್ಕೂ ಹೆಚ್ಚು ಮಲಗಿದೆ. ವಾಚು ಸುಮ್ಮನೇ ಇತ್ತು.

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಹೊನ್ನೂರಿನದು.

"ಟೀವೀಲಿ ತೋರುಸ್ತಾವ್ರಲ್ಲ, ನಾ ಏಳಿದ್ದು ಬಂತೇನ್ ಮಗಾ?"

"ಇಲ್ಲ ಕಣವ್ವ" ಎಂದೆ. "ಮುಂದಿನ ಚಿಪ್‌ನಲ್ಲಿ ಬರುತ್ತೆ. ತಡೀರಿ."